ಸೊನ್ನಲಿಗೆಯ ಕೋಪ: ವಚನಯುಗದ ಆತ್ಮನಿರೀಕ್ಷಣೆ

ಕೋಪವು ಎಲ್ಲಿ ಹುಟ್ಟಿತು, ಬೇಸರವು ಏತರಿಂದ ಬಂದಿತು ಎಂದು ದಿನದಿನವೂ ಎಚ್ಚರದಿಂದ ನೋಡಿ ಗುರುತಿಟ್ಟುಕೊಳ್ಳುವುದು ಇಂದು ಮನಃಶಾಸ್ತ್ರಜ್ಞರು ಹೇಳಿಕೊಡುವ ಅಭ್ಯಾಸ. ಈ ಎಚ್ಚರವು ಕನ್ನಡಕ್ಕೆ ಹೊಸದಲ್ಲ. 12ನೆಯ ಶತಮಾನದ ವಚನಕಾರರಲ್ಲಿ ಅದಕ್ಕೆ 'ಅರಿವು' ಎಂಬ ಹೆಸರಿತ್ತು. ಅದರ ಒಂದು ಪ್ರಸಂಗವು ನಡೆದುದು ಇಂದಿನ ಸೊಲ್ಲಾಪುರವಾದ ಸೊನ್ನಲಿಗೆಯಲ್ಲಿ ಎಂಬುದು ಪರಂಪರೆಯ ಮಾತು.

ಭಾವಗಳನ್ನು ಎಣಿಸುವ ಕೆಲಸ ವಚನಗಳಿಗಿಂತಲೂ ಹಳೆಯದು. ಭರತನ ನಾಟ್ಯಶಾಸ್ತ್ರವು 8 ಸ್ಥಾಯಿಭಾವಗಳನ್ನೂ 33 ಸಂಚಾರಿಭಾವಗಳನ್ನೂ ಹೆಸರಿಸಿತು. ಆದರೆ ಅವು ರಂಗದ ಮೇಲಿನ ಪಾತ್ರದ ಭಾವಗಳು. ನಮ್ಮ ಚಂಪೂಕವಿಗಳು ವರ್ಣಿಸಿದುದೂ ಕಥಾನಾಯಕರ ಕ್ರೋಧ ಶೋಕಗಳನ್ನೇ. ವಚನಕಾರರು ಆ ದೃಷ್ಟಿಯನ್ನು ತಮ್ಮತ್ತಲೇ ತಿರುಗಿಸಿದರು. ಬಸವಣ್ಣನವರು ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿಗೆ ಹೋಲಿಸಿದುದು ಪರರ ಮನಸ್ಸನ್ನಲ್ಲ, ತಮ್ಮದನ್ನು.

ಸಿದ್ಧರಾಮನು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ದೇಗುಲಗಳನ್ನು ಎತ್ತಿಸಿ ಲೋಕೋಪಕಾರದಲ್ಲಿ ನಿರತನಾಗಿದ್ದವನು. 15ನೆಯ ಶತಮಾನದಿಂದೀಚೆಗೆ ಸಂಕಲನಗೊಂಡ ಶೂನ್ಯಸಂಪಾದನೆಗಳ ಪ್ರಕಾರ, ಅಲ್ಲಿಗೆ ಬಂದ ಅಲ್ಲಮಪ್ರಭುವು ಅವನನ್ನು ಬರಿಯ ಕೆರೆ ತೋಡುವವನೆಂಬಂತೆ ಹಗುರವಾಗಿ ಕರೆದನು. ಕೆಲಸಗಾರರು ಕೆರಳಿ ಕಲ್ಲೆಸೆದರು, ಸಿದ್ಧರಾಮನೂ ಸಿಟ್ಟಿಗೆದ್ದನು. ಮುಂದೆ ನಡೆದ ಸಂವಾದದಲ್ಲಿ ಅವನ ದೃಷ್ಟಿಯು ಕೆರೆಯಿಂದ ಸರಿದು ತನ್ನ ಅಂತರಂಗದತ್ತ ಹೊರಳಿತು. ಅನಂತರ ಅವನು ಅಲ್ಲಮನೊಡನೆ ಕಲ್ಯಾಣಕ್ಕೆ ನಡೆದನು.

ಘಟನೆಗೂ ಗ್ರಂಥಕ್ಕೂ ನಡುವೆ ಸುಮಾರು 3 ಶತಮಾನಗಳ ಅಂತರವಿರುವುದರಿಂದ ಇದನ್ನು ಕಣ್ಣಾರೆ ಕಂಡವರ ವರದಿಯೆಂದು ಓದಲಾಗದು. ಆದರೂ ಸಂಕಲನಕಾರರು ಏನನ್ನು ಮುಖ್ಯವೆಂದು ಬಗೆದರೆಂಬುದು ಸ್ಪಷ್ಟ. ಕೆರೆ ಕಟ್ಟುವುದು ತಪ್ಪೆಂದು ಅವರು ಹೇಳಲಿಲ್ಲ. ಒಳ್ಳೆಯ ಕೆಲಸದ ಬೆನ್ನಿಗೇ 'ನಾನು ಮಾಡಿದೆ' ಎಂಬ ಭಾವ ಅಡಗಿರಬಹುದೆಂದೂ, ಒಂದು ಚುಚ್ಚುಮಾತಿಗೆ ಏಳುವ ಕೋಪವೇ ಅದರ ಕುರುಹೆಂದೂ ತೋರಿಸಿದರು. ಇಲ್ಲಿ ಕೋಪವು ಅದುಮಿಡಬೇಕಾದ ದೋಷಕ್ಕಿಂತ ಹೆಚ್ಚಾಗಿ ಓದಿ ತಿಳಿಯಬೇಕಾದ ಸುಳಿವು. ಇಂದಿನ ಭಾವದಿನಚರಿಯು ಒಬ್ಬನೇ ಕುಳಿತು ಬರೆಯುವಂಥದು. ಶರಣರ ನಿರೀಕ್ಷಣೆಯಾದರೋ ಗೋಷ್ಠಿಯಲ್ಲಿ, ಎದುರಿನವರ ಪ್ರಶ್ನೆಗೆ ಒಡ್ಡಿಕೊಂಡು ನಡೆದುದು.

ಈ ಮಾತುಗಳು ಉಳಿದುದು ಪರಿಶ್ರಮದಿಂದ. ಓಲೆಗರಿಗಳನ್ನು ಅರಸಿ ಅಲೆದ ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಸೊಲ್ಲಾಪುರದ ಮಗಳಾದ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮನ ಚರಿತೆಯನ್ನು ತ್ರಿಪದಿಯಲ್ಲಿ ಹಾಡಿದರು, ವಚನಗಳನ್ನು ಮರಾಠಿಗೆ ಕೊಂಡೊಯ್ದರು. 1974ರ ಮಂಡ್ಯ ಸಮ್ಮೇಳನದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಪ್ರಥಮ ಮಹಿಳಾ ಅಧ್ಯಕ್ಷೆಯಾದರು.

ಗಡಿಯಾಚೆಯ ಕನ್ನಡಿಗರಿಗೆ ಇದು ಕೇವಲ ಹಿರಿಮೆಯ ಸಂಗತಿಯಲ್ಲ. ಅಳಲು, ಉಮ್ಮಳ, ತಳಮಳ, ಬೇಗುದಿ, ಬೇಸರ ಇವುಗಳ ನಡುವಣ ಅಂತರವನ್ನು ಬಲ್ಲವನು ತನ್ನ ಮನಸ್ಸನ್ನೂ ಅಷ್ಟೇ ನಯವಾಗಿ ಬಲ್ಲ. ಶಾಲೆಯ ಭಾಷೆ ಬೇರೆಯಾಗಿ, ಮನೆಯ ಮಾತು ಅಡುಗೆಮನೆಯ ಹೊಸಿಲಿಗೇ ನಿಂತರೆ ಮಕ್ಕಳು ಕಳೆದುಕೊಳ್ಳುವುದು ಲಿಪಿಯೊಂದನ್ನೇ ಅಲ್ಲ. ಹಿರಿಯರು ಅಂತರಂಗವನ್ನು ಅಳೆದ ಕೋಲನ್ನೂ ಕಳೆದುಕೊಳ್ಳುತ್ತಾರೆ. ಸಂಕ್ರಾಂತಿಯ ಜಾತ್ರೆಗೆ ಸೇರುವ ಜನಕ್ಕೆ ಸಿದ್ಧರಾಮನ ಕೆರೆ ಇಂದಿಗೂ ಕಾಣುತ್ತದೆ. ಅವನು ತನ್ನೊಳಗೆ ಕಂಡುದನ್ನು ಕಾಣಲು ಅವನ ಭಾಷೆಯೇ ಬೇಕು.