ಗೋರಿಯೊಳಗಿನ ವಸ್ತುಸಂಗ್ರಹಾಲಯ

ಬಹಮನಿ ಸುಲ್ತಾನರು 1347ರಲ್ಲಿ ರಾಜಧಾನಿಯಾಗಿ ಆರಿಸಿಕೊಂಡ ಕಲಬುರಗಿಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿರುವುದು ಅದೇ ಕಾಲದ ಎರಡು ಗುಮ್ಮಟದ ಗೋರಿಗಳಲ್ಲಿ. ಇತಿಹಾಸಕ್ಕೆ ಇದಕ್ಕಿಂತ ಒಪ್ಪುವ ಮನೆ ಸಿಗಲಾರದು. ಜೈನ, ಶೈವ ಶಿಲ್ಪಗಳ ಜತೆ ಇದೇ ಜಿಲ್ಲೆಯ ಸನ್ನತಿ ಗ್ರಾಮದ ಬೌದ್ಧ ಅವಶೇಷಗಳೂ ಇಲ್ಲಿವೆ.

ಸನ್ನತಿಯ ಕಥೆ ಈ ಸೀಮೆಯ ದಾಖಲೆಗಳು ಎಲ್ಲೆಲ್ಲಿ ಅಡಗಿವೆ ಎಂಬುದನ್ನು ಹೇಳುತ್ತದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಛಾವಣಿ ಕುಸಿಯಿತು; ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದುಬಂತು. ಮೂರ್ತಿ ನಿಲ್ಲಿಸಲು ನಡುವೆ ಕೊರೆದ ಚೌಕ ರಂಧ್ರ ಬ್ರಾಹ್ಮಿ ಅಕ್ಷರಗಳನ್ನು ನುಂಗಿದೆ. ಆದರೂ ಪೀಠವಾಗಿದ್ದರಿಂದಲೇ ಕಲ್ಲು ಉಳಿಯಿತು. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ‘ರಾಯೋ ಅಸೋಕೋ’ ಎಂಬ ಬರಹವುಳ್ಳ, ರಾಣಿಯೊಡನೆ ನಿಂತ ಅಶೋಕನ ಶಿಲ್ಪ ಸಿಕ್ಕಿತು.

1914ರಲ್ಲಿ ಸ್ಥಾಪನೆಯಾದ ಹೈದರಾಬಾದ್ ನಿಜಾಮರ ಪುರಾತತ್ತ್ವ ಇಲಾಖೆ ಈ ಭಾಗದ ಶಾಸನಗಳನ್ನು ಪ್ರಕಟಿಸುತ್ತ ಬಂತು. 1980ರಲ್ಲಿ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯ ಸಂಶೋಧನೆಗೆ ಊರಲ್ಲೇ ನೆಲೆ ಕೊಟ್ಟಿತು.

ದಾಖಲಾಗಬೇಕಾದದ್ದು ಕಲ್ಲಿನ ಪರಂಪರೆಯಷ್ಟೇ ಅಲ್ಲ; ಹುಮನಾಬಾದ್ ದಾರಿಯ ಕಮಲಾಪುರದ ಪರಂಪರೆ ಮಣ್ಣಿನದು. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಈ ನೋಂದಣಿಗೆ ಬೆಳೆಯ ಮೂಲ, ನೆಲದ ಗುಣ, ಬೇಸಾಯದ ಕ್ರಮ ಎಲ್ಲವನ್ನೂ ಬರಹಕ್ಕಿಳಿಸಬೇಕು. ರೈತರ ಬಾಯಲ್ಲಷ್ಟೇ ಇದ್ದ ತಿಳಿವಳಿಕೆ ಹೀಗೆ ಕಡತ ಸೇರಿತು. ಅದೇ ದಾರಿಯ ಹೊಳಕುಂದಾದ ಬಹಮನಿ ಕಾಲದ ಗೋರಿಗಳಿಗೂ ಅಂಥದೇ ಆಸ್ಥೆ ಸಲ್ಲಬೇಕು.