ನೀಲಗಿರಿಯ ಒಲೆ, ನೀಲಗಿರಿಯ ದೀಪ



ಗುಂಡ್ಲುಪೇಟೆ, ಬಂಡೀಪುರ ದಾಟಿ ಬೆಟ್ಟ ಹತ್ತುವ ಕನ್ನಡಿಗರು ದಾರಿಯ ಬದಿಯ ಒಂದು ಎತ್ತರದ ಮರವನ್ನು 'ನೀಲಗಿರಿ ಮರ' ಎಂದು ಕರೆಯುತ್ತಾರೆ. ತಮಿಳು ಬಾಂಧವರು ಅದನ್ನೇ 'ತೈಲಮರ' ಎನ್ನುತ್ತಾರೆ. ಎರಡೂ ಒಳ್ಳೆಯ ಹೆಸರುಗಳೇ. ಆದರೆ ಆ ಮರ ನೀಲಗಿರಿಯದೂ ಅಲ್ಲ, ತೈಲಕ್ಕಾಗಿ ಇಲ್ಲಿಗೆ ಬಂದದ್ದೂ ಅಲ್ಲ. ಅದು ಆಸ್ಟ್ರೇಲಿಯಾದ ಮರ. ಅದನ್ನು ಇಲ್ಲಿ ತೋಪು ತೋಪಾಗಿ ಬೆಳೆಸಿದ್ದು ಮುಖ್ಯವಾಗಿ ಒಲೆಯ ಸೌದೆಗಾಗಿ. ಮನೆಯ ಒಲೆಗೂ ಬೆಟ್ಟದ ಕಾಡಿಗೂ ನೀರಿಗೂ ಇರುವ ನಂಟು ಈ ಒಂದು ಮರದಲ್ಲೇ ಕಾಣುತ್ತದೆ. ಇಂದು ಆ ನಂಟಿನ ಕಥೆಯನ್ನು ಸ್ವಲ್ಪ ನೋಡೋಣ.

ಈ ಬೆಟ್ಟದ ಹಳೆಯ ನಿವಾಸಿಗಳು ಚಳಿಯನ್ನು ಮೊದಲು ಎದುರಿಸಿದ್ದು ಬೆಂಕಿಯಿಂದಲ್ಲ, ಮನೆಯ ಆಕಾರದಿಂದ. ತೋಡರ ಮನೆಯನ್ನು ನೋಡಿ. ಮಲಗಿಸಿದ ಪೀಪಾಯಿಯನ್ನು ಸೀಳಿ ಇಟ್ಟಂತೆ ಬಾಗಿದ ಹುಲ್ಲಿನ ಮಾಡು. ಮಂಡಿಯೂರಿ ನುಸುಳಬೇಕಾದಷ್ಟು ಚಿಕ್ಕ ಬಾಗಿಲು. ಒಳಗಿನ ಬಿಸಿ ಹೊರಗೆ ಹೋಗದು, ಹೊರಗಿನ ಗಾಳಿ ಒಳಗೆ ಬಾರದು. ಬಡಗರ ಹಟ್ಟಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ಸೇರಿಸಿ ಸಾಲಾಗಿ ನಿಂತವು. ಒಂದು ಮನೆಯ ಒಲೆಯ ಕಾವು ಪಕ್ಕದ ಮನೆಯ ಗೋಡೆಗೂ ಮುಟ್ಟುತ್ತಿತ್ತು. ಸೌದೆ ಬೇಕಿರಲಿಲ್ಲವೆಂದಲ್ಲ. ಕಮ್ಮಾರಿಕೆ ಮಾಡುತ್ತಿದ್ದ ಕೋತರಿಗೆ ಇದ್ದಿಲು ಬೇಕಿತ್ತು, ಎಲ್ಲರಿಗೂ ಅಡಿಗೆಯ ಬೆಂಕಿ ಬೇಕಿತ್ತು. ಆದರೆ ಜನ ಕಡಿಮೆ. ಬೇಕಾದ ಬೆಂಕಿಯೂ ಕಡಿಮೆ. ಕಣಿವೆಯ ಶೋಲಾ ಕಾಡು ಅದನ್ನು ತಾಳಿಕೊಂಡಿತ್ತು.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟಕ್ಕೆ ಬಂದ. ಕೆಲವೇ ವರ್ಷಗಳಲ್ಲಿ ಊಟಿಯಲ್ಲಿ ಅವನ ಕಲ್ಲಿನ ಮನೆ ಎದ್ದಿತು. ಅದರ ಹಿಂದೆಯೇ ಬಂಗಲೆಗಳು, ಚರ್ಚುಗಳು, ಸೈನಿಕರ ವಸತಿಗಳು ಬಂದವು. ಈ ಹೊಸ ಮನೆಗಳ ರೀತಿಯೇ ಬೇರೆ. ಎತ್ತರದ ಛಾವಣಿ, ದೊಡ್ಡ ಕಿಟಕಿ, ಕೋಣೆಗೊಂದು ಬೆಂಕಿಗೂಡು. ಬೆಂಕಿಗೂಡಿನ ಬಿಸಿಯಲ್ಲಿ ಹೆಚ್ಚಿನ ಪಾಲು ಚಿಮಣಿಯಲ್ಲೇ ಹೊರಟುಹೋಗುತ್ತದೆ. ಊಟಿಯ ಸುತ್ತಲಿನ ಶೋಲಾಗಳು ಮನೆ ಕಟ್ಟಲು, ಒಲೆ ಉರಿಸಲು ಬೇಗ ಬೇಗ ಕರಗಿದವು. ಶೋಲಾದ ಮರಗಳು ನಿಧಾನವಾಗಿ ಬೆಳೆಯುವಂಥವು. ಕಡಿದಷ್ಟು ಬೇಗ ಮತ್ತೆ ಏಳುವುದಿಲ್ಲ.

ಸೌದೆಯ ಅಭಾವ ತಲೆದೋರಿತು. ಆಗ ಆಡಳಿತದ ಮುಂದೆ ಎರಡು ದಾರಿಗಳಿದ್ದವು. ಸೌದೆಯ ಖರ್ಚನ್ನು ತಗ್ಗಿಸುವುದು ಒಂದು; ಸೌದೆಗೆ ಹೊಸ ಮೂಲ ಹುಡುಕುವುದು ಇನ್ನೊಂದು. ಅವರು ಹಿಡಿದದ್ದು ಎರಡನೆಯ ದಾರಿ. 1832ರ ಹೊತ್ತಿಗೇ ಆಸ್ಟ್ರೇಲಿಯಾದ ಅಕೇಶಿಯಾ ಗಿಡಗಳು ಬಂದಿದ್ದವು. 1843ರಲ್ಲಿ ನೀಲಗಿರಿ ಮರ ಬಂತು. 1863ರಲ್ಲಿ ಊಟಿಯ ಬಳಿ ಅರಂಬಿಯಲ್ಲಿ ಸರಕಾರವೇ ಅದರ ತೋಪು ಹಾಕಿತು. ಬೇಗ ಬೆಳೆಯುವ, ಕಡಿದರೆ ಬುಡದಿಂದ ಮತ್ತೆ ಚಿಗುರುವ ಈ ಮರ ಸೌದೆಯ ಕೊರತೆಯನ್ನು ನೀಗಿಸಿತು. ಊಟಿ, ಕೂನೂರಿನ ಮನೆಗಳು ಬೆಚ್ಚಗಾದವು. ಮುಂದೆ ಟೀ ಕಾರ್ಖಾನೆಗಳಲ್ಲಿ ಎಲೆ ಬಾಡಿಸಲು, ಒಣಗಿಸಲು ಬೇಕಾದ ಬಿಸಿಗೂ ಇದೇ ಸೌದೆ ಆಯಿತು.

ಇದಕ್ಕೆ ಕೊಟ್ಟ ಬೆಲೆ ತಿಳಿದದ್ದು ನೂರು ವರ್ಷಗಳಾದ ಮೇಲೆ. ಅಕೇಶಿಯಾದ ಜಾತಿಗೆ ಸೇರಿದ ವಾಟಲ್ ಗಿಡ ಹುಲ್ಲುಗಾವಲುಗಳನ್ನು ನುಂಗುತ್ತ ಹೋಯಿತು. ಊಟಿಯಲ್ಲಿರುವ ಮಣ್ಣು ಮತ್ತು ನೀರು ಸಂರಕ್ಷಣೆಯ ಸಂಶೋಧನಾ ಕೇಂದ್ರದವರು ಗ್ಲೆನ್‌ಮಾರ್ಗನ್‌ನಲ್ಲಿ ಅಕ್ಕಪಕ್ಕದ ಎರಡು ಪುಟ್ಟ ಕಣಿವೆಗಳನ್ನು ಆರಿಸಿಕೊಂಡರು. ಒಂದನ್ನು ಹುಲ್ಲಿಗೇ ಬಿಟ್ಟು, ಇನ್ನೊಂದರಲ್ಲಿ ನೀಲಗಿರಿ ಮರ ನೆಟ್ಟು, ಹರಿದುಬರುವ ನೀರನ್ನು ವರ್ಷಗಟ್ಟಲೆ ಅಳೆದರು. ಮರ ನೆಟ್ಟ ಕಣಿವೆಯಲ್ಲಿ ಮೊದಲ ಹತ್ತು ವರ್ಷಗಳ ಸುತ್ತಿನಲ್ಲೇ ನೀರಿನ ಹರಿವು ಸುಮಾರು ಶೇಕಡಾ 16ರಷ್ಟು ಕಡಿಮೆಯಾಯಿತು. ಬೇರು ಆಳಕ್ಕಿಳಿದ ಎರಡನೆಯ ಸುತ್ತಿನಲ್ಲಿ ಇನ್ನೂ ಇಳಿಯಿತು. ಒಲೆಗೆಂದು ತಂದ ಮರ ತೊರೆಯನ್ನೇ ಕುಡಿಯುತ್ತಿತ್ತು.

ಈ ಗ್ಲೆನ್‌ಮಾರ್ಗನ್ ಎಂಬ ಹೆಸರನ್ನು ನೆನಪಿಡಿ. ದೀಪದ ಕಥೆಯೂ ಅಲ್ಲಿಂದಲೇ ಇಳಿಯುತ್ತದೆ.

ನಮ್ಮ ನಾಡಿನ ಮೊದಲ ಮೊದಲ ವಿದ್ಯುತ್ತು ಮನೆಗಾಗಿ ಹುಟ್ಟಿದ್ದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ನೇರವಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಕಾವೇರಿಯ ದಡದ ಹಳ್ಳಿಗಳು ಇನ್ನೂ ಬಹಳ ಕಾಲ ಎಣ್ಣೆದೀಪದಲ್ಲೇ ಇದ್ದವು. ನೀಲಗಿರಿಯಲ್ಲೂ ಹಾಗೆಯೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಟೇರಿ ಜಲಪಾತದ ನೀರಿನಿಂದ ತೆಗೆದ ವಿದ್ಯುತ್ತು ಅರುವಂಕಾಡಿನ ಮದ್ದಿನ ಕಾರ್ಖಾನೆಗೆ ಹೋಯಿತು. ಅನಂತರ ಬಂದದ್ದು ಪೈಕಾರ ಯೋಜನೆ. ಪೈಕಾರ ಹೊಳೆಯ ನೀರನ್ನು ಗ್ಲೆನ್‌ಮಾರ್ಗನ್‌ಗೆ ತಂದು, ಅಲ್ಲಿಂದ ಕೊಳವೆಗಳಲ್ಲಿ 3,000 ಅಡಿಗಿಂತ ಹೆಚ್ಚು ಆಳದ ಸಿಂಗಾರಕ್ಕೆ ಇಳಿಸಿದರು. 1932ರಲ್ಲಿ ಯಂತ್ರಗಳು ತಿರುಗಿದವು. ಅಷ್ಟು ಎತ್ತರದಿಂದ ನೀರು ಬೀಳುವ ವಿದ್ಯುದಾಗಾರ ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪ. ಈ ವಿದ್ಯುತ್ತಿನಿಂದ ಕೊಯಮತ್ತೂರಿನ ಹತ್ತಿ ಗಿರಣಿಗಳು ವೇಗವಾಗಿ ಬೆಳೆದವು.

ಸಿಂಗಾರದಿಂದ ಹೊರಬಂದ ನೀರು ಮಸಿನಗುಡಿಯ ಮರವಕಂಡಿ ಅಣೆಕಟ್ಟಿಗೆ ಸೇರಿ, 1952ರಿಂದ ಮೋಯಾರ್ ವಿದ್ಯುದಾಗಾರದಲ್ಲಿ ಇನ್ನೊಮ್ಮೆ ದುಡಿಯತೊಡಗಿತು. ಕೊಲಂಬೊ ಯೋಜನೆಯಡಿ ಕೆನಡಾದ ನೆರವಿನಿಂದ ಕುಂದಾ ಯೋಜನೆ ಮೇಲೆದ್ದಿತು. 2005ರಲ್ಲಿ ಪೈಕಾರದ ಕೊನೆಯ ಹಂತವಾಗಿ 150 ಮೆಗಾವಾಟ್‌ನ ನೆಲದೊಳಗಿನ ವಿದ್ಯುದಾಗಾರ ಆರಂಭವಾಯಿತು. ಬೆಟ್ಟದ ಮೇಲಿನ ಎಷ್ಟೋ ಹುಲ್ಲಿನ ಕಣಿವೆಗಳು ಜಲಾಶಯಗಳಾದವು.

ಬೆಳಕು ಬಯಲಿಗೆ ಇಳಿಯಿತು. ತಂತಿಯ ಕೆಳಗಿದ್ದ ಮನೆಗಳಿಗೆ? ಕಾಡಿನೊಳಗಿನ ಎಷ್ಟೋ ಇರುಳರ, ಕುರುಂಬರ ವಸತಿಗಳಲ್ಲಿ ಸೀಮೆಎಣ್ಣೆ ಬುಡ್ಡಿಯೇ ದೀಪವಾಗಿ ಬಹಳ ಕಾಲ ಉಳಿಯಿತು. ಗೂಡಲೂರಿನ ಕಡೆಯವರಿಗೆ ಇನ್ನೊಂದು ಕಗ್ಗಂಟು. 1969ರ ಜನ್ಮಂ ಎಸ್ಟೇಟ್ ಕಾಯಿದೆಯ 17ನೆಯ ವಿಧಿಗೆ ಸೇರಿದ ಜಮೀನಿನ ಹಕ್ಕು ತೀರ್ಮಾನವಾಗದೆ, ಅಲ್ಲಿ ಮನೆ ಕಟ್ಟಿಕೊಂಡ ಸಾವಿರಾರು ಕುಟುಂಬಗಳು ವಿದ್ಯುತ್ ಸಂಪರ್ಕಕ್ಕಾಗಿ ವರ್ಷಗಟ್ಟಲೆ ಅಲೆದವು. ಮನೆಯಲ್ಲಿ ವಿದ್ಯುತ್ ಉಳಿಸಿ ಎಂದು ಹೇಳುವವರು ಈ ಇತಿಹಾಸವನ್ನು ಮರೆಯಬಾರದು. ಇಲ್ಲದವರಿಗೆ ಉಳಿತಾಯದ ಉಪದೇಶ ಸಲ್ಲದು. ಉಳಿಸುವ ಮಾತು ಮೊದಲು ಹೇಳಬೇಕಾದದ್ದು ಹೆಚ್ಚು ಬಳಸುವವರಿಗೆ. ದಿನವಿಡೀ ಬಿಸಿನೀರು, ರಾತ್ರಿಯಿಡೀ ದೀಪ ಉರಿಸುವ ಹೋಟೆಲು, ಕಾಟೇಜುಗಳಿಗೆ.

ಇನ್ನು ಒಲೆಯ ಮಾತು. ದೀಪ ಬಂದ ಮನೆಯಲ್ಲೂ ಒಲೆ ಸೌದೆಯದೇ ಆಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ತೆರೆದರು. ಆ ತಂಡದವರು ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ ಕುಳಿತು, ಊರಿಗೆ ಎಲ್ಲೆಲ್ಲಿಂದ ಎಷ್ಟು ಶಕ್ತಿ ಬರುತ್ತದೆಂದು ಲೆಕ್ಕ ಹಾಕಿದರು. ಬಹುಪಾಲು ಸೌದೆಯದು, ಅದರಲ್ಲಿ ಹೆಚ್ಚಿನದು ಅಡಿಗೆಗೆ, ಅದನ್ನು ಹೊತ್ತು ತರುವ ಶ್ರಮದಲ್ಲಿ ದೊಡ್ಡ ಪಾಲು ಹೆಂಗಸರದು, ಮಕ್ಕಳದು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಬಿಸಿಯ ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಮುಟ್ಟುತ್ತದೆ. ಉಳಿದದ್ದು ಗಾಳಿಗೆ, ಹೊಗೆ ಕಣ್ಣಿಗೆ. ಇದನ್ನು ಕಂಡು ಅವರು ರೂಪಿಸಿದ್ದೇ ಅರ್ಧದಷ್ಟು ಸೌದೆ ಉಳಿಸುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆ. ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಅದನ್ನು ಕಟ್ಟಿದರು. ಕೊಳವೆಯ ಮಸಿ ತೆಗೆದು ಜೋಪಾನ ಮಾಡಿದ ಮನೆಗಳಲ್ಲಿ ಅದು ಉಳಿಯಿತು. ಮಾಡದ ಕಡೆ ಮೂಲೆ ಸೇರಿತು.

ಮಸಿನಗುಡಿ, ಗೂಡಲೂರಿನ ಹೆಂಗಸರಿಗೆ ಒಂದು ಹೊರೆ ಸೌದೆ ಎಂದರೆ ಶ್ರಮ ಮಾತ್ರವಲ್ಲ, ಆನೆಯ ದಾರಿಗೆ ಎದುರಾಗುವ ಅಪಾಯವೂ ಹೌದು. ಸೌದೆಗೆ ಹೋಗಿ ಮನೆಗೆ ಮರಳದವರ ಸುದ್ದಿ ನಮ್ಮ ಊರುಗಳಿಗೆ ಹೊಸದಲ್ಲ. ಆದ್ದರಿಂದ ಒಲೆಯಲ್ಲಿ ಅರ್ಧ ಹೊರೆ ಉಳಿದರೆ ಕಾಡಿಗೆ ಹೋಗುವ ದಿನಗಳೂ ಅರ್ಧವಾದಂತೆ. 2006ರ ಚುನಾವಣೆಯ ನಂತರ ತಮಿಳುನಾಡು ಸರಕಾರ ಬಡವರಿಗೆ ಉಚಿತ ಗ್ಯಾಸ್ ಒಲೆ ಕೊಟ್ಟಿತು. 2016ರಲ್ಲಿ ಕೇಂದ್ರದ ಉಜ್ವಲ ಯೋಜನೆ ಬಂತು. ಇದರಿಂದ ಬಹಳ ಮನೆಗಳ ಹೊಗೆ ತಗ್ಗಿತು. ಆದರೂ ಸಿಲಿಂಡರಿನ ದುಡ್ಡು ಹೊಂದದ ತಿಂಗಳಲ್ಲಿ ಸೌದೆಯ ಒಲೆಯೇ ಮತ್ತೆ ಹೊತ್ತುತ್ತದೆ.

ವಿದ್ಯುತ್ತಿಗೂ ಉಚಿತ ಯೋಜನೆಗಳು ಬಂದವು. ತಮಿಳುನಾಡಿನಲ್ಲಿ 2016ರಲ್ಲಿ ಎರಡು ತಿಂಗಳಿಗೆ 100 ಯೂನಿಟ್. ಗಡಿಯಾಚೆ ಕರ್ನಾಟಕದಲ್ಲಿ 2023ರಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ. ಬಡವರ ಮನೆಗೆ ಇದು ದೊಡ್ಡ ಆಸರೆ. ಆದರೆ ನಮಗೆ ಬಿಲ್ಲು ಬಾರದಿದ್ದರೂ ಬೆಟ್ಟಕ್ಕೆ ಬಿಲ್ಲು ಬರುತ್ತದೆ. ಹೇಗೆ ಎಂದು ಒಂದು ಲೆಕ್ಕ ಮಾಡೋಣ.

ಊಟಿಯ ಚಳಿಗಾಲದಲ್ಲಿ ನಲ್ಲಿಯ ನೀರು 10 ಡಿಗ್ರಿ ಎಂದಿಟ್ಟುಕೊಳ್ಳಿ. 20 ಲೀಟರಿನ ಒಂದು ಬಕೆಟ್ ನೀರನ್ನು 40 ಡಿಗ್ರಿಗೆ ಕಾಯಿಸಲು ಸುಮಾರು 0.7 ಯೂನಿಟ್ ಬೇಕು. ಸಿಂಗಾರದಲ್ಲಿ ಒಂದು ಯೂನಿಟ್ ಹುಟ್ಟಬೇಕಾದರೆ ಗ್ಲೆನ್‌ಮಾರ್ಗನ್‌ನಿಂದ ಹೆಚ್ಚುಕಡಿಮೆ 400ರಿಂದ 500 ಲೀಟರ್ ನೀರು ಇಳಿಯಬೇಕು. ಅಂದರೆ ಒಂದು ಬಕೆಟ್ ಬಿಸಿನೀರಿನ ಹಿಂದೆ ಸುಮಾರು 300 ಲೀಟರ್ ಪೈಕಾರದ ನೀರಿದೆ. ಅದೇ 0.7 ಯೂನಿಟ್ಟಿನಲ್ಲಿ 9 ವಾಟಿನ ಎಲ್‌ಇಡಿ ಬಲ್ಬು 75 ಗಂಟೆಗೂ ಹೆಚ್ಚು ಉರಿಯುತ್ತದೆ. ದೀಪ ಆರಿಸಿ ಎಂದು ಮಕ್ಕಳನ್ನು ಗದರುವ ನಾವು ಗೀಸರಿನ ಗುಂಡಿಯನ್ನು ಮರೆತುಬಿಡುತ್ತೇವೆ. ಹಾಗೆಂದು ದೀಪದ ಉಳಿತಾಯ ಸಣ್ಣದೇನಲ್ಲ. ಹಳೆಯ 60 ವಾಟಿನ ಬಲ್ಬು ದಿನಕ್ಕೆ 5 ಗಂಟೆಯಂತೆ ಎರಡು ತಿಂಗಳಿಗೆ 18 ಯೂನಿಟ್ ತಿನ್ನುತ್ತದೆ. 9 ವಾಟಿನದಕ್ಕೆ ಮೂರು ಯೂನಿಟ್ಟೂ ಬೇಡ.

ಮನೆಯಲ್ಲಿ ಮಾಡಬಹುದಾದವು ಬಹಳ ಸರಳ. ಬೇಳೆಕಾಳನ್ನು ನೆನೆಸಿ ಬೇಯಿಸುವುದು. ಪಾತ್ರೆಗೆ ಮುಚ್ಚಳ ಇಡುವುದು. ಕುದಿ ಬಂದ ಮೇಲೆ ಉರಿ ತಗ್ಗಿಸುವುದು. ಸೌದೆಯನ್ನು ಚೆನ್ನಾಗಿ ಒಣಗಿಸಿ, ಸಣ್ಣಗೆ ಸೀಳಿ ಇಡುವುದು. ಬಚ್ಚಲ ಹಂಡೆಯಲ್ಲಿ ಎಷ್ಟು ಬೇಕೋ ಅಷ್ಟೇ ನೀರು ಕಾಯಿಸುವುದು. ಬಾಗಿಲ ಸಂದು, ಹೆಂಚಿನ ಸಂದುಗಳನ್ನು ಮುಚ್ಚುವುದು. ಇದು ತೋಡರ ಪುಟ್ಟ ಬಾಗಿಲು ಹೇಳುವ ಪಾಠ. ಮಂಜು ಕವಿಯುವ ಊಟಿಗಿಂತ ಬಿಸಿಲು ಹೆಚ್ಚಿರುವ ಮಸಿನಗುಡಿಯ ಕಡೆಯವರಿಗೆ ಬಿಸಿಲಿನಿಂದ ನೀರು ಕಾಯಿಸುವ ಸಾಧನ ಚೆನ್ನಾಗಿ ಒಗ್ಗುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಚಳಿಗೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬಾರದು. ಅದರಿಂದ ಏಳುವ ವಿಷಗಾಳಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಇನ್ನೂರು ವರ್ಷಗಳ ಈ ಕಥೆಯಲ್ಲಿ ಕೊರತೆ ಬಂದಾಗಲೆಲ್ಲ ನಾವು ಹೊಸ ಮೂಲವನ್ನೇ ಹುಡುಕಿದೆವು. ಶೋಲಾ ಮುಗಿದಾಗ ಆಸ್ಟ್ರೇಲಿಯಾದ ಮರ, ಅದು ಸಾಲದೆ ಹೊಳೆಯ ನೀರು, ಆಮೇಲೆ ದೂರದ ಗ್ಯಾಸು. ಒಂದೊಂದರ ಬೆಲೆಯನ್ನೂ ಮುಂದಿನ ತಲೆಮಾರು ಕೊಟ್ಟಿತು. ಬೇಕಾದದ್ದನ್ನು ಕಡಿಮೆ ಮಾಡಿಕೊಳ್ಳುವ ದಾರಿಗೆ ಅಣೆಕಟ್ಟು ಬೇಡ, ತೋಪು ಬೇಡ, ಯಾರ ಜಮೀನೂ ಮುಳುಗಬೇಕಿಲ್ಲ. ಉಳಿಸಿದ ಒಂದು ಯೂನಿಟ್ಟು, ಉಳಿಸಿದ ಒಂದು ಹೊರೆ ಸೌದೆ ಈ ಬೆಟ್ಟದಲ್ಲೇ ಉಳಿಯುತ್ತದೆ. ನೀರಾಗಿ, ಕಾಡಾಗಿ, ಸಂಜೆ ಕ್ಷೇಮವಾಗಿ ಮನೆ ಸೇರಿದ ತಾಯಿಯಾಗಿ.