ತುಂಡರಿಸಲಾಗದ ಎಣಿಕೆ

ಅಣು, ಪರಮಾಣು ಎಂಬ ಮಾತುಗಳು ನಮಗೆ ಹೊಸವಲ್ಲ. ಕಣಾದರ ವೈಶೇಷಿಕ ದರ್ಶನವು ಇನ್ನು ಮುಂದಕ್ಕೆ ಒಡೆಯಲು ಬಾರದ ದ್ರವ್ಯಾಂಶವನ್ನು ಪರಮಾಣುವೆಂದು ಕರೆಯಿತು. ಗ್ರೀಕರ ‘ಆಟಮಾಸ್’ ಶಬ್ದಕ್ಕೂ ‘ತುಂಡರಿಸಲಾಗದ್ದು’ ಎಂದೇ ಅರ್ಥ. ಇಪ್ಪತ್ತನೆಯ ಶತಮಾನದ ಭೌತವಿಜ್ಞಾನಿಗಳು ಪರಮಾಣುವನ್ನೂ ಒಡೆದು ತೋರಿಸಿದರು. ಸೋಜಿಗದ ಸಂಗತಿಯೆಂದರೆ, ಅದೇ ಶತಮಾನದಲ್ಲಿ ಕಂಪ್ಯೂಟರುಗಳನ್ನು ದುಡಿಸಲು ಹೊರಟವರು ಆ ಪದದ ಹಳೆಯ ಅರ್ಥವನ್ನೇ ಹುಡುಕಿಕೊಂಡು ಹೋಗಬೇಕಾಯಿತು. ಅವರಿಗೆ ನಡುವೆ ಒಡೆಯದ ಕ್ರಿಯೆಯೊಂದು ಬೇಕಾಗಿತ್ತು. ಅದನ್ನು ಅಖಂಡಕ್ರಿಯೆ ಎಂದು ಕರೆಯೋಣ.

ಅದೇಕೆ ಬೇಕು ಎಂಬುದಕ್ಕೆ ಒಂದು ದೃಷ್ಟಾಂತ. ಒಂದು ಉಗ್ರಾಣ, ಒಂದೇ ಲೆಕ್ಕದ ಪುಸ್ತಕ, ಇಬ್ಬರು ಗುಮಾಸ್ತರು ಎಂದಿಟ್ಟುಕೊಳ್ಳಿ. ಪುಸ್ತಕದಲ್ಲಿ ೪೦ ಮೂಟೆ ಅಕ್ಕಿ ಎಂದು ಬರೆದಿದೆ. ಮುಂಬಾಗಿಲಲ್ಲಿ ಒಂದು ಮೂಟೆ ಇಳಿಸಿಕೊಂಡ ಗುಮಾಸ್ತ ಬಂದು, ೪೦ ಎಂದು ಓದಿಕೊಂಡು, ಮನಸ್ಸಿನಲ್ಲೇ ಒಂದು ಕೂಡಿಸುತ್ತ ಲೇಖನಿ ಹುಡುಕಿದ. ಅಷ್ಟರಲ್ಲಿ ಹಿಂಬಾಗಿಲಲ್ಲಿ ಇನ್ನೊಂದು ಮೂಟೆ ಇಳಿಸಿಕೊಂಡವನೂ ಬಂದು ೪೦ ಎಂದೇ ಓದಿದ. ಇಬ್ಬರೂ ೪೧ ಎಂದು ಬರೆದರು. ಇಬ್ಬರ ಗಣಿತವೂ ಸರಿ, ಇಬ್ಬರೂ ಪ್ರಾಮಾಣಿಕರು. ಆದರೂ ಒಂದು ಮೂಟೆ ಲೆಕ್ಕದಿಂದ ಮಾಯವಾಯಿತು! ಒಂದೇ ಸಂಖ್ಯೆಯನ್ನು ಎರಡು ಕೆಲಸಗಳು ಹಂಚಿಕೊಂಡಿರುವ ಕಂಪ್ಯೂಟರಿನಲ್ಲಿಯೂ ಹೀಗೆಯೇ. ‘ಒಂದು ಕೂಡಿಸು’ ಎಂಬುದು ಕೇಳುವುದಕ್ಕೆ ಒಂದೇ ಮಾತು. ನಡೆಯುವಾಗ ಅದು ಓದುವುದು, ಕೂಡಿಸುವುದು, ಬರೆಯುವುದು ಎಂಬ ಮೂರು ಹೆಜ್ಜೆ. ಆ ಹೆಜ್ಜೆಗಳ ಸಂದಿನಲ್ಲಿ ಇನ್ನೊಂದು ಕೆಲಸ ನುಗ್ಗಿತೆಂದರೆ ಎಣಿಕೆ ಕೆಟ್ಟಿತು.

ಈ ಸಂದನ್ನು ಮುಚ್ಚುವ ಪ್ರಯತ್ನ ಹಾಲೆಂಡಿನಲ್ಲಿ ಮೊದಲಾಯಿತೆನ್ನಬಹುದು. ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿದ್ದ ಡೆಕ್ಕರ್ ಎಂಬ ಗಣಿತಜ್ಞರು, ಎರಡು ಕೆಲಸಗಳಲ್ಲಿ ಒಂದು ಒಳಗಿರುವಾಗ ಮತ್ತೊಂದು ಹೊರಗೆ ಕಾಯುವಂತೆ ಉಪಾಯ ಹೂಡಿದರು. ಅವರ ಸಹೋದ್ಯೋಗಿಯಾಗಿದ್ದು, ಮುಂದೆ ಐಂಡ್‌ಹೋವನ್ನಿಗೆ ಪ್ರಾಧ್ಯಾಪಕರಾಗಿ ಹೋದ ಎಡ್ಸ್‌ಗರ್ ಡೈಕ್‌ಸ್ಟ್ರ ಅವರು ಎಷ್ಟು ಕೆಲಸಗಳಿದ್ದರೂ ಸಲ್ಲುವ ಪರಿಹಾರವನ್ನು ೧೯೬೫ರಲ್ಲಿ ಒಂದೇ ಪುಟದ ಲೇಖನವಾಗಿ ಪ್ರಕಟಿಸಿದರು. ಅದೇ ಕಾಲದಲ್ಲಿ ಅವರು ‘ಸೆಮಫೋರ್’ ಎಂಬ ಸಾಧನವನ್ನೂ ಕಲ್ಪಿಸಿದರು. ಸೆಮಫೋರ್ ಎಂದರೆ ರೈಲುದಾರಿಯ ಕೈಮರ. ಡೈಕ್‌ಸ್ಟ್ರ ಅವರ ಕೈಮರವಾದರೋ ಬರಿಯ ಒಂದು ಪೂರ್ಣಾಂಕ. ಅದರ ಮೇಲೆ ಎರಡೇ ಕ್ರಿಯೆಗಳು: ಒಂದು ಇಳಿಸುವುದು, ಒಂದು ಏರಿಸುವುದು. ಸೊನ್ನೆಯಿದ್ದರೆ ಇಳಿಸಬಂದವನು ಕಾಯಬೇಕು. ಎರಡು ಕ್ರಿಯೆಗಳೂ ಅಖಂಡವಾಗಿರಬೇಕೆಂಬುದೇ ಅದರ ಜೀವಾಳ.

ಆದರೆ ಆ ಅಖಂಡತೆಯನ್ನು ತರುವುದೆಲ್ಲಿಂದ? ಯಂತ್ರವನ್ನು ಕಟ್ಟುವವರೇ ಅದನ್ನು ಒದಗಿಸಿದರು. ೧೯೬೪ರಲ್ಲಿ ಐ.ಬಿ.ಎಂ. ಸಂಸ್ಥೆಯು ಪ್ರಕಟಿಸಿದ ಸಿಸ್ಟಂ ೩೬೦ ಯಂತ್ರಗಳಲ್ಲಿ ‘ಪರೀಕ್ಷಿಸಿ ಗುರುತಿಡು’ ಎಂಬ ಆಜ್ಞೆಯಿತ್ತು. ಓದುವುದಕ್ಕೂ ಬರೆಯುವುದಕ್ಕೂ ನಡುವೆ ಮತ್ತಾರೂ ನುಸುಳದಂತೆ ಅದು ನೋಡಿಕೊಳ್ಳುತ್ತಿತ್ತು. ಮುಂದೆ ಸಿಸ್ಟಂ ೩೭೦ ಯಂತ್ರಗಳಲ್ಲಿ ‘ಹೋಲಿಸಿ ಬದಲಿಸು’ ಎಂಬುದು ಬಂತು. ‘ನಾನು ಓದಿದ ೪೦ ಈಗಲೂ ೪೦ ಆಗಿಯೇ ಇದ್ದರೆ ೪೧ ಎಂದು ಬರೆ, ಇಲ್ಲವಾದರೆ ಬರೆಯದೆ ನನಗೆ ತಿಳಿಸು’ ಎಂಬುದೇ ಅದರ ಸಾರ. ನಮ್ಮ ಗುಮಾಸ್ತರಿಗೆ ಈ ಕಟ್ಟಳೆಯಿದ್ದಿದ್ದರೆ ಮೂಟೆ ಉಳಿಯುತ್ತಿತ್ತು.

ಒಂದು ಮೂಟೆ ಹೋದರೆ ಹೋಗಲಿ ಎನ್ನುವವರುಂಟು. ಅವರು ಥೆರಾಕ್-೨೫ ಯಂತ್ರದ ಕಥೆಯನ್ನು ಕೇಳಬೇಕು. ಕೆನಡಾ ದೇಶದ ಅಣುಶಕ್ತಿ ಸಂಸ್ಥೆ ತಯಾರಿಸಿದ ಈ ಯಂತ್ರವು ಕ್ಯಾನ್ಸರ್ ರೋಗಿಗಳಿಗೆ ಕಿರಣಚಿಕಿತ್ಸೆ ಕೊಡತಕ್ಕದ್ದು. ಹಿಂದಿನ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದು, ಕಾವಲಿನ ಹೊಣೆಯನ್ನು ಇದರಲ್ಲಿ ಕಂಪ್ಯೂಟರಿಗೆ ವಹಿಸಿದ್ದರು. ೧೯೮೬ರ ಮಾರ್ಚ್ ೨೧ರಂದು ಅಮೆರಿಕದ ಟೆಕ್ಸಾಸ್ ಪ್ರಾಂತ್ಯದ ಟೈಲರ್ ನಗರದಲ್ಲಿ, ಯಂತ್ರ ನಡೆಸುವಾಕೆ ಎಲೆಕ್ಟ್ರಾನ್ ಚಿಕಿತ್ಸೆಗೆ ಬದಲಾಗಿ ಎಕ್ಸ್‌ಕಿರಣವೆಂದು ಒತ್ತಿ, ಕೂಡಲೇ ತಿದ್ದಿದಳು. ಯಂತ್ರದ ಅಯಸ್ಕಾಂತಗಳು ಅಣಿಯಾಗಲು ಸುಮಾರು ೮ ಸೆಕೆಂಡು ಬೇಕು. ಆಕೆಯ ತಿದ್ದುಪಡಿ ಅದರೊಳಗೇ ಮುಗಿಯಿತು. ಕೀಲಿಮಣೆಯನ್ನು ಗಮನಿಸುವ ಕೆಲಸವೂ ಯಂತ್ರವನ್ನು ಹೂಡುವ ಕೆಲಸವೂ ಹಂಚಿಕೊಂಡಿದ್ದ ಸಂಖ್ಯೆಗಳು ಒಂದಕ್ಕೊಂದು ಹೊಂದದೆ ಹೋದವು. ಎಕ್ಸ್‌ಕಿರಣಕ್ಕೆಂದು ಹೂಡಿದ ಪ್ರಬಲ ಪ್ರವಾಹ, ನಡುವೆ ಇರಬೇಕಾದ ಮರೆಯಿಲ್ಲದೆ ರೋಗಿಯ ಮೇಲೆ ಬಿತ್ತು. ತೆರೆಯ ಮೇಲೆ ಕಂಡದ್ದು ‘ದೋಷ ೫೪’ ಎಂಬುದಷ್ಟೆ. ಏಪ್ರಿಲ್ ೧೧ರಂದು ಅಲ್ಲಿಯೇ ಮತ್ತೊಬ್ಬರಿಗೆ ಹಾಗೆಯೇ ಆಯಿತು. ಇಬ್ಬರೂ ಅದೇ ವರ್ಷ ತೀರಿಕೊಂಡರು. ಆಸ್ಪತ್ರೆಯ ಭೌತವಿಜ್ಞಾನಿಯೂ ಆ ನಡೆಸುವಾಕೆಯೂ ಕುಳಿತು, ಬೇಗಬೇಗನೆ ಒತ್ತಿ ನೋಡಿ ನೋಡಿ, ತಪ್ಪು ವೇಗದಲ್ಲಿ ಅಡಗಿದೆಯೆಂದು ಪತ್ತೆಹಚ್ಚಿದರು.

೧೯೮೫ರಿಂದ ೧೯೮೭ರವರೆಗೆ ಈ ಯಂತ್ರದಿಂದ ಇಂತಹ ಆರು ಅಪಘಾತಗಳಾದವು. ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ ಅವರು ೧೯೯೩ರಲ್ಲಿ ಪ್ರಕಟಿಸಿದ ವಿಚಾರಣೆಯಲ್ಲಿ, ಹಂಚಿಕೊಂಡ ಸಂಖ್ಯೆಗಳನ್ನು ಪರೀಕ್ಷಿಸುವ, ಗುರುತಿಡುವ ಕ್ರಿಯೆಗಳು ಅಲ್ಲಿ ಅಖಂಡವಾಗಿರಲಿಲ್ಲವೆಂದು ಎತ್ತಿ ತೋರಿಸಿದರು. ಡೈಕ್‌ಸ್ಟ್ರ ಅವರ ಲೇಖನ ಹೊರಬಂದು ಆಗಲೇ ಇಪ್ಪತ್ತು ವರ್ಷಗಳಾಗಿದ್ದವು. ವಿದ್ಯೆ ಪುಸ್ತಕದಲ್ಲಿತ್ತು, ರೋಗಿ ಮಲಗಿದ್ದ ಕೊಠಡಿಯವರೆಗೆ ಅದು ನಡೆದುಬಂದಿರಲಿಲ್ಲ.

ಆಮೇಲೆ ಪರಿಸ್ಥಿತಿ ಬಹುಮಟ್ಟಿಗೆ ಸುಧಾರಿಸಿದೆ. ೧೯೯೧ರಲ್ಲಿ ಮಾರಿಸ್ ಹರ್ಲಿಹಿ ಅವರು ಬರಿಯ ಓದು ಬರೆಹಗಳಿಗಿಂತ ‘ಹೋಲಿಸಿ ಬದಲಿಸು’ ಎಂಬುದು ಎಷ್ಟು ಬಲವಾದುದೆಂದು ಗಣಿತದಿಂದ ಸಾಧಿಸಿದರು. ೨೦೧೧ರಲ್ಲಿ ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳ ಅಧಿಕೃತ ನಿಯಮಗಳಲ್ಲಿಯೇ ಅಖಂಡ ಸಂಖ್ಯೆಗಳಿಗೆ ಸ್ಥಾನ ದೊರೆಯಿತು. ಇಂದು ಕೈಯಲ್ಲಿ ಹಿಡಿಯುವ ಫೋನಿನೊಳಗೂ ಹಲವು ಗಣಕಗಳು ಒಟ್ಟಿಗೆ ದುಡಿಯುತ್ತವೆ. ಒಂದೇ ಸಂಖ್ಯೆಯತ್ತ ಅವು ಒಮ್ಮೆಗೇ ಕೈಚಾಚುವುದು ದಿನನಿತ್ಯದ ಮಾತಾಗಿದೆ. ಆದರೂ ಆ ಆಜ್ಞೆಗಳು ತಾವಾಗಿ ಬಂದು ಕಾಪಾಡಲಾರವು. ಬರೆಯುವವನು ನೆನೆದು ಬಳಸಬೇಕು. ನಿಮ್ಮ ಮನೆಯಲ್ಲಿ ಈ ವಿದ್ಯೆಯನ್ನು ಕಲಿಯುತ್ತಿರುವ ಮಕ್ಕಳಿದ್ದರೆ, ‘ಒಂದು ಕೂಡಿಸು’ ಎಂದು ಬರೆಯುವಾಗ ಆ ಸಂಖ್ಯೆಯನ್ನು ಇನ್ನಾರು ಮುಟ್ಟುತ್ತಿದ್ದಾರೆಂದು ಒಮ್ಮೆ ಕೇಳಿಕೊಳ್ಳುವಂತೆ ಅವರಿಗೆ ಹೇಳಿ.